ಮೊದಲ ಸಲ ಜಿಯು-ಜಿತ್ಸು ಕ್ಲಾಸಿಗೆ ಹೊರಟಿದ್ದೇನೆ, ಅಲ್ಲಿ ಏನೇನು ನಡೆಯುತ್ತದೆ?

ಫಿಸಿಕ್ಸ್_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಬೆಳಿಗ್ಗೆ 7 ಗಂಟೆಗೆ ಬ್ರೆಜಿಲಿಯನ್ ಜಿಯು-ಜಿತ್ಸು (ನೆಲದ ಮೇಲೆ ಹಿಡಿದು ಆಡುವ, ಕುಸ್ತಿಯಂಥ ಆಟ) ಟ್ರಯಲ್ ಕ್ಲಾಸಿಗೆ ಹೆಸರು ಕೊಟ್ಟು ಬಂದಿದ್ದೇನೆ. ನನಗೆ 39 ವರ್ಷ, ತೂಕ 82 ಕಿಲೋ. ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಹೈಸ್ಕೂಲಿನಲ್ಲಿ ಎರಡು ವರ್ಷ ಕರಾಟೆ ಕಲಿತಿದ್ದೆ, ಹಳದಿ ಬೆಲ್ಟ್ ತನಕ. ಆಮೇಲೆ ವಾಲಿಬಾಲ್ ಬಿಟ್ಟರೆ ಬೇರೇನೂ ಆಡಿಲ್ಲ. ವಾಲಿಬಾಲ್ ಆಡುವಾಗಲೇ ಒಮ್ಮೆ ಎಡ ಮಂಡಿ ತಿರುಚಿಕೊಂಡಿತ್ತು. ಈಗ ನೋವಿಲ್ಲ. ಆದರೆ ನೆಲದಿಂದ ಏಳುವಾಗ ಆ ಮಂಡಿಯ ಮೇಲೆ ಪೂರ್ತಿ ಭಾರ ಹಾಕಲು ಇವತ್ತಿಗೂ ಹೆದರಿಕೆ.

ಹೆಸರು ಕೊಡಲು ಹೋದ ದಿನ ಬಾಗಿಲ ಹತ್ತಿರ ನಿಂತು ಹತ್ತು ನಿಮಿಷ ನೋಡಿದೆ. ಏಳೆಂಟು ಜೋಡಿ ನೆಲದ ಮೇಲಿದ್ದರು. ಒಬ್ಬ ಅಂಗಾತ ಮಲಗಿ ಮೇಲಿನವನ ಸೊಂಟವನ್ನು ಎರಡೂ ಕಾಲಿನಿಂದ ಕಟ್ಟಿ ಹಿಡಿದಿದ್ದ. ಯಾರು ಗೆಲ್ಲುತ್ತಿದ್ದಾರೆ ಅಂತಲೇ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲಿದ್ದವನೇ ಪಟಪಟ ತಟ್ಟಿದ. ಇಬ್ಬರೂ ಕೈ ಮುಟ್ಟಿಸಿಕೊಂಡು ಮತ್ತೆ ಶುರು ಮಾಡಿದರು. ಅದನ್ನು ನೋಡಿದ ಮೇಲೆ ಸುಮ್ನೆ ವಾಪಸ್ ಬರಲು ಮನಸ್ಸಾಗಲಿಲ್ಲ.

ಈಗ ಹೊರಡುವ ಮುಂಚೆ ಕೆಲವು ವಿಷಯ ತಿಳಿದುಕೊಳ್ಳಬೇಕು. ಮೊದಲ ದಿನವೇ ಕಾದಾಡಲು ಬಿಡುತ್ತಾರಾ? ಏನು ಹಾಕಿಕೊಂಡು ಹೋಗಬೇಕು? ನನಗೆ ಕನ್ನಡಕ ಇದೆ, ಏನು ಮಾಡಲಿ? ಕ್ಲಾಸಿನಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಅವರ ಜೊತೆ ಜೋಡಿ ಬಂದರೆ ಹೇಗೆ ನಡೆದುಕೊಳ್ಳಬೇಕು? ಮತ್ತೆ ನಿಜವಾಗಿ ಕೇಳಬೇಕಾದ ಪ್ರಶ್ನೆ: ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ, ಶುರು ಮಾಡಬಹುದಾ?

ಬಿಳಿಬೆಲ್ಟ್_ಮಂಗಳೂರು:

ಸರ್, ಧೈರ್ಯವಾಗಿ ಹೋಗಿ. ನಾನು ಶುರು ಮಾಡಿ ಏಳು ತಿಂಗಳಾಯಿತು. ಕೈ ಕಾಲು ಎರಡರ ಉಗುರೂ ಹಿಂದಿನ ರಾತ್ರಿಯೇ ಕತ್ತರಿಸಿಕೊಳ್ಳಿ. ಉಂಗುರ, ಸರ, ವಾಚು ಮನೆಯಲ್ಲೇ ಬಿಡಿ. ಜೇಬು, ಜಿಪ್ ಇಲ್ಲದ ಪ್ಯಾಂಟ್ ಹಾಕಿಕೊಳ್ಳಿ. ಜೇಬಿನಲ್ಲಿ ಇನ್ನೊಬ್ಬರ ಬೆರಳು ಸಿಕ್ಕಿಕೊಂಡರೆ ಬೆರಳು ಉಳುಕುತ್ತದೆ. ಮೈಗೆ ಅಂಟುವ ಟೀ ಶರ್ಟ್ ಒಳ್ಳೆಯದು. ಗೀ, ಅಂದರೆ ಆ ದಪ್ಪ ಬಟ್ಟೆಯ ಡ್ರೆಸ್ಸು, ಮೊದಲ ದಿನಕ್ಕೆ ಕೊಳ್ಳಬೇಡಿ. ತುಂಬಾ ಕಡೆ ಟ್ರಯಲ್‌ಗೆ ಅವರೇ ಕೊಡುತ್ತಾರೆ. ಫೋನ್ ಮಾಡಿ ಕೇಳಿ. ಹೊಟ್ಟೆ ತುಂಬಾ ತಿಂದು ಹೋಗಬೇಡಿ. ನಾನು ಒಂದು ದಿನ ಎರಡು ಮಸಾಲೆ ದೋಸೆ ತಿಂದ ಒಂದು ಗಂಟೆಯಲ್ಲೇ ಹೋಗಿದ್ದೆ, ಅರ್ಧ ಕ್ಲಾಸು ಗೋಡೆಗೆ ಒರಗಿ ಕೂರಬೇಕಾಯಿತು.

ಚಪ್ಪಲಿ ತಪ್ಪದೆ ತೆಗೆದುಕೊಂಡು ಹೋಗಿ. ಮ್ಯಾಟ್ ಮೇಲೆ ಬರಿಗಾಲು, ಮ್ಯಾಟ್ ಬಿಟ್ಟು ಕೆಳಗಿಳಿದ ತಕ್ಷಣ ಚಪ್ಪಲಿ. ಬಾತ್‌ರೂಮಿಗೆ ಬರಿಗಾಲಲ್ಲಿ ಹೋಗಿ ಬಂದು ಮ್ಯಾಟ್ ಹತ್ತುವುದನ್ನು ಯಾವ ಕೋಚೂ ಸಹಿಸುವುದಿಲ್ಲ.

ಮೆಡಿಕಲ್_ಶಾಪ್_ಅಕ್ಕ:

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ನಾನು ಶುರು ಮಾಡಿದಾಗ ನನಗೆ 38. ಎರಡು ಮಕ್ಕಳ ತಾಯಿ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರ ತನಕ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುವ ಕೆಲಸ. ಈಗ 42. ಬಿಳಿ ದಾಟಿ ನೀಲಿ ಬೆಲ್ಟ್ ಆಗಿದೆ, ಅದರ ಮೇಲೆ ಎರಡು ಪಟ್ಟಿ. ಆದ್ದರಿಂದ ಶುರು ಮಾಡಬಹುದು. ಮಂಡಿಯ ವಿಷಯ ಕೊನೆಗೆ ಹೇಳುತ್ತೇನೆ, ಅದನ್ನು ಬಿಡಬೇಡಿ.

ಕ್ಲಾಸು ಸಾಮಾನ್ಯವಾಗಿ ಒಂದು ಗಂಟೆ ಅಥವಾ ಒಂದೂವರೆ ಗಂಟೆ. ಮೊದಲು ಬೆಲ್ಟಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ನೀವು ಕೊನೆಯಲ್ಲಿ. ತಲೆಬಾಗಿ ನಮಸ್ಕಾರ. ಇದು ಜಪಾನಿನ ಜೂಡೋದಿಂದ ಬಂದ ಪದ್ಧತಿ. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಅನ್ನುವ ಶಾಲೆ ಶುರು ಮಾಡಿದರು. ಅಲ್ಲಿ ಕಲಿತ ಮಿತ್ಸುಯೊ ಮಯೆಡಾ 1914ರಲ್ಲಿ ಬ್ರೆಜಿಲಿಗೆ ಬಂದರು. ಅವರ ವಿದ್ಯೆಯೇ ಅಲ್ಲಿನ ಗ್ರೇಸಿ ಮನೆತನದ ಕೈಗೆ ಬಂದು ನೆಲದ ಮೇಲಿನ ಆಟವಾಗಿ ಬೆಳೆಯಿತು.

ಆಮೇಲೆ ವಾರ್ಮ್ ಅಪ್. ಓಟ, ಮುಂದಕ್ಕೆ ಪಲ್ಟಿ, ಹಿಂದಕ್ಕೆ ಪಲ್ಟಿ, ಬೀಳುವುದನ್ನು ಕಲಿಯುವುದು. ಬೀಳುವಾಗ ಗಲ್ಲ ಎದೆಗೆ ಒತ್ತಿಕೊಂಡು, ಅಂಗೈ ಮತ್ತು ಮುಂಗೈ ಒಟ್ಟಿಗೆ ಮ್ಯಾಟಿಗೆ ಹೊಡೆಯಬೇಕು. ಅಂಗೈ ಊರಿ ಬೀಳುವ ಅಭ್ಯಾಸ ನಮಗೆಲ್ಲ ಇರುತ್ತದೆ. ಮಣಿಕಟ್ಟು ಮುರಿಯುವುದು ಹಾಗೆಯೇ. ಇನ್ನೊಂದಕ್ಕೆ ಶ್ರಿಂಪ್ ಅನ್ನುತ್ತಾರೆ, ಅಂದರೆ ಸೀಗಡಿ. ಅಂಗಾತ ಮಲಗಿ, ಒಂದು ಕಾಲು ಊರಿ, ಒಂದು ಭುಜದ ಮೇಲೆ ಹೊರಳಿ, ಸೊಂಟವನ್ನು ಹಿಂದಕ್ಕೆ ತಳ್ಳಬೇಕು. ನೋಡಲು ಸುಲಭ. ನನಗೆ ಮೊದಲ ದಿನ ಮ್ಯಾಟಿನ ಅರ್ಧ ದಾಟಲು ಆಗಲಿಲ್ಲ. ವಾರ್ಮ್ ಅಪ್ಪಿನಲ್ಲೇ ಸುಸ್ತಾದರೆ ಬದಿಗೆ ಕೂತು ನೀರು ಕುಡಿಯಿರಿ. ಯಾರೂ ಏನೂ ಅನ್ನುವುದಿಲ್ಲ.

ಪಲ್ಟಿ ಹೊಡೆಯುವಾಗ ತಲೆಯ ಮೇಲೆ ಹೋಗಬೇಡಿ, ಒಂದು ಭುಜದ ಮೇಲೆ ಓರೆಯಾಗಿ ಹೋಗಿ. ಕುತ್ತಿಗೆಗೆ ಒತ್ತು ಬೀಳುತ್ತದೆ ಅನ್ನಿಸಿದರೆ ನಿಲ್ಲಿಸಿ, ಕೋಚನ್ನು ಕರೆಯಿರಿ.

ಆಮೇಲೆ ಪಾಠ. ಕೋಚ್ ಒಂದು ಪಟ್ಟನ್ನು ಮೂರು ನಾಲ್ಕು ಸಲ ತೋರಿಸುತ್ತಾರೆ. ನೀವು ಜೋಡಿಯಾಗಿ ಅದನ್ನೇ ಮತ್ತೆ ಮತ್ತೆ ಮಾಡುತ್ತೀರಿ. ನನಗೆ ಮೊದಲ ದಿನ ಹೇಳಿಕೊಟ್ಟದ್ದು ಮೌಂಟ್‌ನಿಂದ ತಪ್ಪಿಸಿಕೊಳ್ಳುವುದು. ಮೌಂಟ್ ಅಂದರೆ ಒಬ್ಬರು ನಿಮ್ಮ ಹೊಟ್ಟೆಯ ಮೇಲೆ ಕುದುರೆ ಸವಾರಿಯಂತೆ ಕೂರುವುದು. ನನ್ನ ಜೋಡಿ 90 ಕಿಲೋ ತೂಕದ ಹುಡುಗ. ಬಹಳ ಒಳ್ಳೆಯವನು, ಆದರೆ ಭಾರ ಭಾರವೇ ತಾನೆ. ಅವನ ಎದೆ ನನ್ನ ಮುಖದ ಮೇಲಿತ್ತು. ಗೀಯ ಒರಟು ಬಟ್ಟೆ ಕೆನ್ನೆಗೆ ಉಜ್ಜುತ್ತಿತ್ತು. ನನಗೆ ಗೊತ್ತಿಲ್ಲದೆ ಉಸಿರು ಬಿಗಿ ಹಿಡಿದಿದ್ದೆ. ಎರಡೂ ಕೈ ನೀಡಿ ಅವನ ಎದೆಯನ್ನು ಮೇಲಕ್ಕೆ ತಳ್ಳಿದೆ. ಅರ್ಧ ನಿಮಿಷಕ್ಕೆ ತೋಳಲ್ಲಿ ಶಕ್ತಿಯೇ ಉಳಿಯಲಿಲ್ಲ.

ಕೋಚ್ ಬಂದು ನನ್ನ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. "ಮೊದಲು ಉಸಿರು ಬಿಡಿ. ಈಗ ಮೊಣಕೈ ಎರಡೂ ಪಕ್ಕೆಗೆ ತನ್ನಿ" ಅಂದರು. ಆಮೇಲೆ ಒಂದೊಂದೇ ಹೆಜ್ಜೆ. ಅವನ ಬಲಗೈಯನ್ನು ನನ್ನ ಎದೆಗೆ ಒತ್ತಿ ಹಿಡಿದೆ. ಅದೇ ಪಕ್ಕದ ಅವನ ಪಾದದ ಆಚೆಗೆ ನನ್ನ ಎಡಪಾದ ಹಾಕಿ ಕಟ್ಟಿದೆ. ಈಗ ಆ ಕಡೆಗೆ ಊರಿಕೊಳ್ಳಲು ಅವನಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ಹಿಮ್ಮಡಿಗಳನ್ನು ಕುಂಡೆಯ ಹತ್ತಿರಕ್ಕೆ ಎಳೆದುಕೊಂಡು ಸೊಂಟ ಎತ್ತಿದೆ. ನೇರ ಮೇಲಕ್ಕೆ ಎತ್ತಿದಾಗ ಏನೂ ಆಗಲಿಲ್ಲ. ಎಡ ಭುಜದ ಕಡೆಗೆ ಓರೆಯಾಗಿ ಎತ್ತಿದಾಗ 90 ಕಿಲೋ ಪಕ್ಕಕ್ಕೆ ಉರುಳಿತು. ನಾನು 58 ಕಿಲೋ. ಆ ಕ್ಷಣ ನನಗೆ ಇವತ್ತಿಗೂ ನೆನಪಿದೆ. ಮುಂದಿನ ತಿಂಗಳ ಫೀ ಅವತ್ತೇ ಕಟ್ಟಿದೆ.

ಪಾಠದ ನಂತರ ರೋಲಿಂಗ್, ಅಂದರೆ ಸುಮಾರು ಐದೈದು ನಿಮಿಷದ ಸುತ್ತಿನಲ್ಲಿ ನಿಜವಾದ ಸೆಣಸಾಟ. ಹೊಡೆತ, ಒದೆತ ಇಲ್ಲ. ಹಿಡಿತ ಮಾತ್ರ. ಮೊದಲ ದಿನ ತುಂಬಾ ಕಡೆ ಹೊಸಬರನ್ನು ಕೂರಿಸಿ ನೋಡಿ ಅನ್ನುತ್ತಾರೆ. ಕೆಲವರು ಅನುಭವಿಗಳ ಜೊತೆ ಒಂದು ಸುತ್ತು ಬಿಡುತ್ತಾರೆ. ಬೇಡ ಅನ್ನಿಸಿದರೆ ಬೇಡ ಅನ್ನಿ. ಕಲರ್ ಬೆಲ್ಟಿನವರು ಸಿಕ್ಕರೆ ಒಪ್ಪಿಕೊಳ್ಳಿ, ಅವರ ಕೈಯಲ್ಲಿ ನೀವು ಕ್ಷೇಮ. ನನ್ನ ಅನುಭವದಲ್ಲಿ ಹೊಸಬರಿಗೆ ಪೆಟ್ಟಾಗುವುದು ಇನ್ನೊಬ್ಬ ಹೊಸಬರಿಂದ. ಇಬ್ಬರಿಗೂ ಗಾಬರಿ, ಇಬ್ಬರೂ ಪೂರ್ತಿ ಬಲ ಹಾಕುತ್ತಾರೆ.

ಈಗ ನಾನು ನಿಮಗೆ ಹೇಳಲೇಬೇಕಾದ ಮಾತು. ಮೊದಲ ದಿನ ನೀವು ಒಂದೇ ಒಂದು ವಿಷಯ ಕಲಿತು ಬಂದರೂ ಸಾಕು, ಅದು ಟ್ಯಾಪ್ ಮಾಡುವುದು. ಬಾಗಿಲಲ್ಲಿ ನಿಂತು ನೀವು ನೋಡಿದ ಪಟಪಟ ಅದೇ. "ಸಾಕು, ಬಿಡು" ಅಂತ ಅರ್ಥ. ಎದುರಿನವರ ಮೈಮೇಲೆ ಅವರಿಗೆ ಗೊತ್ತಾಗುವಂತೆ ಎರಡು ಮೂರು ಸಲ ತಟ್ಟಿ. ಕೈ ಸಿಕ್ಕಿಬಿದ್ದಿದ್ದರೆ ಕಾಲಿನಿಂದ ಮ್ಯಾಟಿಗೆ ತಟ್ಟಿ, ಇಲ್ಲ ಬಾಯಲ್ಲಿ "ಟ್ಯಾಪ್" ಅಂತ ಜೋರಾಗಿ ಹೇಳಿ. ಅವರು ತಟ್ಟಿದರೆ ನೀವು ಆ ಕ್ಷಣವೇ ಬಿಡಿ.

ನಾನು ಎರಡನೇ ತಿಂಗಳಲ್ಲಿ ತಡ ಮಾಡಿದೆ. ನನ್ನ ಮೊಣಕೈ ಪೂರ್ತಿ ನೆಟ್ಟಗಾಗಿತ್ತು. ಎದುರಿನವಳು ನಿಧಾನವಾಗಿಯೇ ಎಳೆಯುತ್ತಿದ್ದಳು, ಸಮಯ ಕೊಟ್ಟಳು. ನೋವು ಇನ್ನೂ ಬಂದಿಲ್ಲ, ಇನ್ನು ಸ್ವಲ್ಪ ತಡೆಯೋಣ ಅಂದುಕೊಂಡೆ. ಒಳಗೆ ಟಕ್ ಅಂತ ಸಣ್ಣ ಸದ್ದು ಕೇಳಿತು. ಮೂರು ವಾರ ಅಂಗಡಿಯಲ್ಲಿ ಸಿರಪ್ ಬಾಟಲಿಯ ಬಾಕ್ಸ್ ಎತ್ತಲು ಆಗಲಿಲ್ಲ. ಮೇಲಿನ ಶೆಲ್ಫಿನಿಂದ ಮಾತ್ರೆ ತೆಗೆಯಲೂ ಎಡಗೈ. ತಪ್ಪು ಪೂರ್ತಿ ನನ್ನದು.

ಕಿಮುರಾ ಅಂತ ಒಂದು ಪಟ್ಟಿನ ಹೆಸರು ಬೇಗ ಕೇಳುತ್ತೀರಿ. 1951ರಲ್ಲಿ ರಿಯೊದ ಮರಕಾನಾ ಸ್ಟೇಡಿಯಂನಲ್ಲಿ ಜಪಾನಿನ ಜೂಡೋ ಚಾಂಪಿಯನ್ ಮಸಾಹಿಕೊ ಕಿಮುರಾ ಅದೇ ಪಟ್ಟಿನಿಂದ ಹೇಲಿಯೊ ಗ್ರೇಸಿಯ ಕೈ ತಿರುಚಿದರು. ಹೇಲಿಯೊ ತಟ್ಟಲಿಲ್ಲ. ಕೊನೆಗೆ ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಬ್ರೆಜಿಲಿನವರು ಆ ಪಟ್ಟಿಗೆ ಗೆದ್ದವರ ಹೆಸರನ್ನೇ ಇಟ್ಟರು. ಆ ಗೌರವ ನನಗೆ ತುಂಬಾ ಇಷ್ಟ. ಆದರೆ ಹೇಲಿಯೊ ಹಾಗೆ ತಡೆದುಕೊಳ್ಳಬೇಡಿ. ಸೋಮವಾರ ನೀವು ಬೋರ್ಡ್ ಮೇಲೆ ಬರೆಯಬೇಕು, ಅಲ್ವಾ?

ಕತ್ತು ಹಿಡಿಯುವ ಪಟ್ಟುಗಳ ಬಗ್ಗೆ ಕೂಡ ಇದೇ ಮಾತು. ಸರಿಯಾಗಿ ಹಿಡಿದರೆ ಕತ್ತಿನ ಎರಡೂ ಪಕ್ಕದ ರಕ್ತನಾಳ ಒತ್ತಿ ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಬಹುದು. ಜಾಸ್ತಿ ನೋವೂ ಇರುವುದಿಲ್ಲ, ಅದಕ್ಕೇ ಕಾಯಬಾರದು.

ಹೆಣ್ಣುಮಕ್ಕಳ ವಿಷಯ ಕೇಳಿದಿರಿ. ಕೇಳಿದ್ದು ಒಳ್ಳೆಯದಾಯಿತು. "ರೋಲ್ ಮಾಡೋಣವಾ?" ಅಂತ ಕೇಳಿ, ಅವರು ಹೂಂ ಅಂದರೆ ಮಾಡಿ. ತೂಕದ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮೈಯೆಲ್ಲ ಭಾರ ಬಿಡಬೇಡಿ. ಆದರೆ ಹೆಣ್ಣು ಅಂತ ಕೈ ಸಡಿಲ ಬಿಟ್ಟು ಸುಮ್ನೆ ಮಲಗಲೂ ಬೇಡಿ. ಹಾಗೆ ಮಾಡಿದರೆ ಐದು ನಿಮಿಷ ನಾನು ಏನೂ ಕಲಿಯುವುದಿಲ್ಲ. ಕೈ ಆಕಸ್ಮಿಕವಾಗಿ ತಾಗಬಾರದ ಕಡೆ ತಾಗಿದರೆ ಒಂದು ಸಲ ಸಾರಿ ಹೇಳಿ, ಮುಂದುವರಿಯಿರಿ. ಬೇಕೆಂದೇ ಮಾಡುವವರು ಯಾರು, ಅಕಸ್ಮಾತ್ ಆದದ್ದು ಯಾವುದು ಅಂತ ನಮಗೆ ತಿಳಿಯುತ್ತದೆ.

ಕನ್ನಡಕ ತೆಗೆದಿಡಿ. ಬಾಕ್ಸ್ ತೆಗೆದುಕೊಂಡು ಹೋಗಿ. ಕೋಚ್ ತೋರಿಸುವಾಗ ಹಾಕಿಕೊಂಡು ಮುಂದೆ ಕೂರಿ. ಹಿಡಿದು ಆಡುವಾಗ ಕಣ್ಣಿಗಿಂತ ಕೈ ಹೆಚ್ಚು ಹೇಳುತ್ತದೆ.

ನನ್ನ ಕಸುಬಿನ ಒಂದು ಮಾತು. ಕ್ಲಾಸು ಮುಗಿದ ತಕ್ಷಣ ಸೋಪು ಹಾಕಿ ಸ್ನಾನ ಮಾಡಿ. ಬಟ್ಟೆ ಪ್ರತಿಸಲ ಒಗೆಯಿರಿ, ಬೆಲ್ಟನ್ನೂ ಒಗೆಯಿರಿ. ಮ್ಯಾಟಿನ ಮೇಲೆ ಹುಳುಕಡ್ಡಿ ಬಹಳ ಬೇಗ ಹರಡುತ್ತದೆ. ಉಂಗುರದ ಹಾಗೆ ಕೆಂಪು ಕಲೆ, ಅಂಚಿನಲ್ಲಿ ಹೊಟ್ಟು, ತುರಿಕೆ. ಅದು ಕಂಡರೆ ಮೆಡಿಕಲ್ ಶಾಪಿಗೆ ಬಂದು "ಯಾವುದಾದ್ರೂ ಟ್ಯೂಬ್ ಕೊಡಿ" ಅನ್ನಬೇಡಿ. ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿದರೆ ಎರಡು ದಿನ ತುರಿಕೆ ಇಳಿಯುತ್ತದೆ, ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ. ಆಮೇಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ನನ್ನ ಕೌಂಟರಿಗೆ ಅಂಥವರು ಎಷ್ಟೋ ಜನ ಬರುತ್ತಾರೆ. ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ, ವಾಸಿಯಾಗುವ ತನಕ ಕ್ಲಾಸಿಗೆ ಹೋಗಬೇಡಿ.

ಮಂಡಿ. ಒಳಗೆ ಹೋದ ಕೂಡಲೇ ಕೋಚಿಗೆ ಹೇಳಿ. ಪ್ರತಿ ಜೋಡಿಗೂ ಹೇಳಿ: "ಎಡ ಮಂಡಿ ಹಳೇ ಪೆಟ್ಟು." ಕಾಲು ಸಿಕ್ಕಿಕೊಂಡಾಗ ಮೈಯನ್ನು ಒಂದು ಕಡೆ, ಪಾದವನ್ನು ಇನ್ನೊಂದು ಕಡೆ ತಿರುಗಿಸಿ ಎಳೆದುಕೊಳ್ಳಬೇಡಿ. ಕಾಲು ತಿರುಚುವ ಪಟ್ಟುಗಳಲ್ಲಿ ನೋವು ಬರುವಷ್ಟರಲ್ಲಿ ಮಂಡಿಯ ಲಿಗಮೆಂಟ್ ಹೋಗಿರಬಹುದು. ಅದಕ್ಕೇ ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್ ಅನ್ನುವ ಪಟ್ಟನ್ನು ಬಿಳಿ ಬೆಲ್ಟಿನವರಿಗೆ ಸ್ಪರ್ಧೆಯ ನಿಯಮದಲ್ಲೇ ನಿಷೇಧಿಸಿದ್ದಾರೆ. ಯಾರಾದರೂ ನಿಮ್ಮ ಹಿಮ್ಮಡಿ ಹಿಡಿದರೆ ಪಟ್ಟು ಯಾವುದು ಅಂತ ಯೋಚಿಸುತ್ತಾ ಕೂರಬೇಡಿ, ತಟ್ಟಿ.

ಮಟ್ಟಿ_ಕುಸ್ತಿ_ಧಾರವಾಡ:

ಅಕ್ಕಾವ್ರು ಚೊಲೋ ಹೇಳ್ಯಾರ. ನಂದೊಂದು ಅನುಭವ ಸೇರಸ್ತೀನಿ.

ನಾನು ಆರು ವರ್ಷ ಗರಡಿಯಲ್ಲಿ ಮಣ್ಣಿನ ಕುಸ್ತಿ ಆಡಿದವನು. ಪುಣೆಯಲ್ಲಿ ಕೆಲಸಕ್ಕಿದ್ದಾಗ ಗೆಳೆಯನ ಜೊತೆ ಜಿಯು-ಜಿತ್ಸು ಕ್ಲಾಸಿಗೆ ಹೋದೆ. ನಿಂತು ಆಡುವಾಗ ನನ್ನನ್ನು ಯಾರೂ ಅಲುಗಾಡಿಸಲಿಲ್ಲ. ಕೆಳಗೆ ಬಿದ್ದ ಮೇಲೆ ಕಥೆ ಬೇರೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಬಿದ್ದ ತಕ್ಷಣ ಹೊಟ್ಟೆಯ ಮೇಲೆ ಹೊರಳುವುದು ನನ್ನ ಮೈಗೆ ಹತ್ತಿದ ಗುಣ. ಇಲ್ಲಿ ಹಾಗೆ ಹೊರಳಿದರೆ ಎದುರಿನವನಿಗೆ ಬೆನ್ನು ಸಿಗುತ್ತದೆ. ಅವನು ಬೆನ್ನೇರಿ ಕತ್ತಿನ ಸುತ್ತ ತೋಳು ಹಾಕುತ್ತಾನೆ. ಮೊದಲ ದಿನ ಹಾಗೆ ನಾಲ್ಕು ಸಲ ತಟ್ಟಿದೆ, ನಾಲ್ಕೂ ಸಲ ಅದೇ ತಪ್ಪು.

ಅಂಗಾತ ಮಲಗಿ ಕಾಲಿನಿಂದ ಕಟ್ಟುವುದಕ್ಕೆ ಗಾರ್ಡ್ ಅನ್ನುತ್ತಾರೆ. ಸರ್ ಬಾಗಿಲಲ್ಲಿ ನೋಡಿದ್ದು ಅದನ್ನೇ. ಕೆಳಗಿದ್ದವ ಸೋತಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು. ಸರ್ ಕುಸ್ತಿ ಆಡಿದವರಲ್ಲ, ಅವರಿಗೆ ಇದು ಬೇಗ ಹತ್ತುತ್ತದೆ. ಆದರೂ ನಿಂತು ಕೆಡವುವುದನ್ನು ಕಲಿಯಬೇಕು ಅಂದರೆ ನಮ್ಮ ಗರಡಿಗೇ ಬರ್ರಿ. ಆ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.

ಮೆಡಿಕಲ್_ಶಾಪ್_ಅಕ್ಕ:

ಅಣ್ಣಾ, ಅದನ್ನು ನಾನೂ ಒಪ್ಪುತ್ತೇನೆ. ನಮ್ಮ ಕ್ಲಾಸಿನಲ್ಲಿ ಕುಸ್ತಿಯಿಂದ ಬಂದ ಇಬ್ಬರು ಹುಡುಗರಿದ್ದಾರೆ. ಕಾಲಿಗೆ ಕೈ ಹಾಕಿ ಕೆಡವುವುದನ್ನು ನಾವೆಲ್ಲ ಅವರಿಂದಲೇ ಕಲಿತದ್ದು. ಆದರೆ ನನ್ನೂರಿನ ಗರಡಿಯೊಳಗೆ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹೊರಗಿನಿಂದ ಕೆಮ್ಮಣ್ಣಿನ ವಾಸನೆ ಮಾತ್ರ ನನಗೆ ಸಿಕ್ಕಿದ್ದು. ನಿಮ್ಮ ಗರಡಿಯಲ್ಲಿ ಈಗ ಬಿಡುತ್ತಾರೆ ಅಂದರೆ ಹೇಳಿ, ರಜೆಯಲ್ಲಿ ಮಗಳನ್ನು ಕರೆದುಕೊಂಡು ಬರುತ್ತೇನೆ.

ಫಿಸಿಕ್ಸ್_ಮೇಷ್ಟ್ರು:

ಹೋಗಿ ಬಂದೆ! ಶನಿವಾರವೇ ಬರೆಯಬೇಕಿತ್ತು, ಬೆರಳು ಮಡಚಲು ಆಗುತ್ತಿರಲಿಲ್ಲ. ಗೀಯ ಕಾಲರ್ ಬಿಗಿಯಾಗಿ ಹಿಡಿದು ಹಿಡಿದು ಹಾಗಾಗಿತ್ತು. ನಿನ್ನೆ ಕ್ಲಾಸಿನಲ್ಲಿ ಚಾಕ್‌ಪೀಸ್ ಎರಡು ಸಲ ಕೈ ಜಾರಿತು.

ಮಂಡಿಯ ವಿಷಯ ಕೋಚಿಗೆ ಹೇಳಿದೆ. ಅವರು ನನ್ನನ್ನು ನೇರಳೆ ಬೆಲ್ಟಿನ (ನೀಲಿಯ ಮುಂದಿನದು) ಒಬ್ಬರ ಜೊತೆ ಹಾಕಿದರು. ಪ್ರತಿ ಸಲ ಕಾಲಿನ ಹತ್ತಿರ ಬಂದಾಗಲೂ ಅವರು ನಿಲ್ಲಿಸಿ "ಸರಿ ಇದೆಯಾ ಸರ್?" ಅಂತ ಕೇಳಿದರು. ಪಾಠ ಗಾರ್ಡ್‌ನಿಂದ ಆರ್ಮ್‌ಬಾರ್, ಅಂದರೆ ಕೈಯನ್ನು ನೆಟ್ಟಗೆ ಎಳೆದು ಮೊಣಕೈಗೆ ಒತ್ತು ಕೊಡುವ ಪಟ್ಟು. ಅವರ ಸೊಂಟ ನನ್ನ ಮೊಣಕೈಯ ಹಿಂದೆ ಬಂತು, ನನ್ನ ಮಣಿಕಟ್ಟು ಅವರ ಎದೆಗೆ ಅಂಟಿತ್ತು. ಅವರು ಸೊಂಟ ಒಂದಿಷ್ಟೇ ಎತ್ತಿದರು. ಹದಿನೈದು ವರ್ಷದಿಂದ ಸನ್ನೆಕೋಲಿನ ಪಾಠ ಮಾಡುತ್ತಿದ್ದೇನೆ. ಆನಿಕೆ ಎಲ್ಲಿ, ಭಾರ ಎಲ್ಲಿ, ಬಲ ಎಲ್ಲಿ ಅಂತ ಬೋರ್ಡ್ ಮೇಲೆ ಗೆರೆ ಎಳೆದು ತೋರಿಸಿದ್ದೇನೆ. ನನ್ನ ಸ್ವಂತ ಕೈಯೇ ಸನ್ನೆಕೋಲಾದದ್ದು ಇದೇ ಮೊದಲು. ಅಕ್ಕ ಹೇಳಿದ ಹಾಗೆ ತಕ್ಷಣ ತಟ್ಟಿದೆ. ಅವರು ಬಿಟ್ಟು, "ಈ ಹೊತ್ತಿಗೇ ತಟ್ಟಬೇಕು, ಸರಿಯಾಗಿ ಮಾಡಿದಿರಿ" ಅಂದರು.

ಕೊನೆಗೆ ಒಂದು ಸುತ್ತು ರೋಲ್ ಮಾಡಿದೆ. ಜೋಡಿ ಕಾಲೇಜು ಓದುವ ಹುಡುಗಿ, 50 ಕಿಲೋ ಇರಬಹುದು. ಐದು ನಿಮಿಷದಲ್ಲಿ ಮೂರು ಸಲ ತಟ್ಟಿದೆ. ಮೂರನೇ ಸಲ ಆದ ಮೇಲೆ ಅವಳೇ ಆಟ ನಿಲ್ಲಿಸಿ ನನ್ನ ಮೊಣಕೈ ಎಲ್ಲಿ ಹೊರಗೆ ಹೋಗುತ್ತಿದೆ ಅಂತ ತೋರಿಸಿಕೊಟ್ಟಳು. ಅದೇ "ಮೊಣಕೈ ಪಕ್ಕೆಗೆ". ನನ್ನ ವಿದ್ಯಾರ್ಥಿಗಳ ವಯಸ್ಸಿನವಳ ಹತ್ತಿರ ಪಾಠ ಹೇಳಿಸಿಕೊಂಡು ತುಂಬಾ ಸಂತೋಷವಾಯಿತು.

ಮೂರು ತಿಂಗಳಿಗೆ ಸೇರಿದ್ದೇನೆ. ಗೀ ಕೊಳ್ಳಬೇಕು. ನನ್ನ ಎತ್ತರ 5 ಅಡಿ 9 ಇಂಚು. ಎ2 ಅಳತೆ ತಗೊಳ್ಳಲಾ, ಎ3 ತಗೊಳ್ಳಲಾ?

ಮೆಡಿಕಲ್_ಶಾಪ್_ಅಕ್ಕ:

ಓದಿ ತುಂಬಾ ಖುಷಿಯಾಯಿತು ಮೇಷ್ಟ್ರೇ. ಒಂದೊಂದು ಕಂಪನಿಯ ಅಳತೆ ಒಂದೊಂದು ಥರ. ನಿಮ್ಮ ಎತ್ತರ ತೂಕಕ್ಕೆ ಹೆಚ್ಚಾಗಿ ಎ2 ಬರುತ್ತದೆ, ಆದರೂ ಅವರ ಅಳತೆ ಪಟ್ಟಿ ನೋಡಿಯೇ ಕೊಳ್ಳಿ. ಸಾಧ್ಯವಾದರೆ ಕ್ಲಾಸಿನಲ್ಲಿ ನಿಮ್ಮಷ್ಟೇ ಎತ್ತರ ಇರುವವರದ್ದು ಒಂದು ಸಲ ಹಾಕಿ ನೋಡಿ. ಹತ್ತಿ ಬಟ್ಟೆ ಕುಗ್ಗುತ್ತದೆ. ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಹಾಕಿ. ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕು, ವಾರಕ್ಕೆ ಮೂರು ಕ್ಲಾಸು ಹೋಗುವುದಾದರೆ ಎರಡನೆಯದಕ್ಕೂ ಈಗಲೇ ದುಡ್ಡು ಎತ್ತಿಡಿ.